ಜಪಾನಿನ ತೆರೆಚಿತ್ರಗಳಲ್ಲಿ ಪಕ್ಷಿಸಂಕೇತ

ಜಪಾನ್ ದೇಶದ ಚಿತ್ರಕಲೆಯನ್ನು ಕುರಿತ ಗ್ರಂಥಗಳಲ್ಲಿಯೂ, ಚಿತ್ರಶಾಲೆಗಳಲ್ಲಿ ಒಂದೊಂದು ಚಿತ್ರದ ಮಗ್ಗುಲಿಗೆ ಅಂಟಿಸಿರುವ ಚೀಟಿಗಳಲ್ಲಿಯೂ ಒಂದು ಬಗೆಯ ನಿಘಂಟು ರೂಢಿಗೆ ಬಂದಿದೆ. ಸಾರಸವೆಂದರೆ ದೀರ್ಘಾಯುಸ್ಸು, ಡೇಗೆಯೆಂದರೆ ಶೌರ್ಯ, ಒಶಿದೊರಿಯೆಂಬ ಬಣ್ಣದ ಬಾತುಗಳ ಜೋಡಿಯೆಂದರೆ ದಾಂಪತ್ಯ, ಹೋಓ ಎಂಬ ದಿವ್ಯಪಕ್ಷಿಯೆಂದರೆ ಧರ್ಮರಾಜ್ಯ. ನೋಡಲು ಬಂದವನು ಚೀಟಿಯನ್ನು ಓದಿ, ಚಿತ್ರದ ಕಡೆಗೊಮ್ಮೆ ತಿರುಗಿ, ಅರ್ಥವಾಯಿತೆಂದು ಮುಂದಕ್ಕೆ ನಡೆಯುವನು. ಅಮರಕೋಶವನ್ನು ಕಂಠಪಾಠ ಮಾಡಿದ ಹುಡುಗನು ತನಗೆ ಮೇಘಸಂದೇಶವೂ ತಿಳಿದುಹೋಯಿತೆಂದು ಭ್ರಮಿಸುವುದಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ನಿಘಂಟು ಸುಳ್ಳೆಂದು ಹೇಳುವಂತಿಲ್ಲ. ಅದರಲ್ಲಿ ಕೊಟ್ಟಿರುವ ಅರ್ಥಗಳು ಆ ದೇಶದ ಜನರೇ ಒಪ್ಪಿದವು. ಆದರೆ ಚಿತ್ರಕಾರನು ಆರು ಮಡಿಕೆಯ ತೆರೆಯೊಂದನ್ನು ತಿಂಗಳುಗಟ್ಟಲೆ ಕುಳಿತು ಬರೆದುದು ಒಂದು ಪದದ ಅರ್ಥವನ್ನು ತಿಳಿಸುವುದಕ್ಕಾಗಿಯೇ ಆಗಿದ್ದಲ್ಲಿ ಆ ಪದವನ್ನೇ ಬರೆದಿಟ್ಟಿದ್ದರೆ ಸಾಕಾಗಿತ್ತು.

ತೆರೆಗೆ ಆ ಭಾಷೆಯಲ್ಲಿ ಬ್ಯೋಬು ಎಂದು ಹೆಸರು. ಗಾಳಿಯ ತಡೆ ಎಂದು ಅದರ ಅಕ್ಷರಾರ್ಥ. ಮರದ ಚೌಕಟ್ಟಿಗೆ ಕಾಗದವನ್ನೋ ರೇಷ್ಮೆಯನ್ನೋ ಬಿಗಿದ ಹಲಗೆಗಳನ್ನು ಒಂದಕ್ಕೊಂದು ಜೋಡಿಸಿ, ಮಡಿಸಿ ನೆಲದ ಮೇಲೆ ನಿಲ್ಲಿಸುವ ಗೃಹೋಪಕರಣವಿದು. ಗೋಡೆಗಳು ವಿರಳವಾದ ಆ ದೇಶದ ಮನೆಗಳಲ್ಲಿ ಗಾಳಿಯನ್ನು ತಡೆಯುವುದಕ್ಕೂ, ಮಲಗುವವರಿಗೆ ಮರೆಯಾಗುವುದಕ್ಕೂ, ಅತಿಥಿಗಳು ಬಂದಾಗ ಹಿನ್ನೆಲೆಯಾಗುವುದಕ್ಕೂ ಇದು ಬೇಕಾಗಿತ್ತು. ಇದರ ಮೂಲ ಚೀನಾದೇಶದ್ದು. ಕೊರಿಯದ ಮಾರ್ಗವಾಗಿ ಜಪಾನಿಗೆ ಬಂದಿತು. ನಾರಾ ನಗರದ ತೋದೈಜಿ ದೇವಾಲಯಕ್ಕೆ ಸೇರಿದ ಶೋಸೋಇನ್ ಎಂಬ ಭಂಡಾರದಲ್ಲಿ ಈ ತೆರೆಗಳ ಅತಿ ಪ್ರಾಚೀನ ಮಾದರಿಗಳು ಉಳಿದಿರುವುವು. ಶೋಮು ಚಕ್ರವರ್ತಿಯು ತೀರಿಕೊಂಡ ಮೇಲೆ ಅವನ ರಾಣಿ ಕೋಮ್ಯೋ 756ರಲ್ಲಿ ಅವನ ಪ್ರಿಯವಸ್ತುಗಳನ್ನು ಬುದ್ಧನಿಗೆ ಅರ್ಪಿಸಿದಳು; ಆ ಅರ್ಪಣಪತ್ರದಲ್ಲಿ ನೂರು ತೆರೆಗಳ ಲೆಕ್ಕವಿದೆ. ಅವುಗಳಲ್ಲೊಂದು, ಮರದ ಕೆಳಗೆ ನಿಂತ ಅಥವಾ ಕುಳಿತ ಸ್ತ್ರೀಯರನ್ನುಳ್ಳ ಆರು ಹಲಗೆಯ ತೆರೆ. ಅದರಲ್ಲಿ ಸ್ತ್ರೀಯರ ಉಡುಪಿಗೂ ಮರಗಿಡಗಳಿಗೂ ಬಣ್ಣಕ್ಕೆ ಬದಲಾಗಿ ಹಕ್ಕಿಯ ಗರಿಗಳನ್ನೇ ಅಂಟಿಸಿದ್ದರು. ಆ ಗರಿಗಳು ಈಗ ಬಹುಮಟ್ಟಿಗೆ ಉದುರಿ ಹೋಗಿ ಕೆಳಗಿನ ಮಸಿಯ ರೇಖೆ ಮಾತ್ರ ಕಾಣುವುದು. ಉಳಿದ ಚೂರುಗಳನ್ನು ಪರೀಕ್ಷಿಸಿದವರು ಅವು ಜಪಾನಿನಲ್ಲಿ ಮಾತ್ರ ಇರುವ ಯಮದೊರಿಯೆಂಬ ಕಾಡುಕೋಳಿಯ ಗರಿಗಳೆಂದು ಕಂಡುಕೊಂಡರು. ತೆರೆಯೊಳಗೆ ಸೇರಿದ ಹಳೆಯ ಕಾಗದದಲ್ಲಿ 752ನೆಯ ವರ್ಷದ ಬರಹವೂ ದೊರೆಯಿತು. ಸ್ತ್ರೀಯರ ಮುಖ ಚೀನಾದ ಮಾದರಿಯದಾದರೂ ತೆರೆ ಜಪಾನಿನಲ್ಲಿಯೇ ಆದುದೆಂಬ ನಿರ್ಣಯಕ್ಕೆ ಒಂದು ಹಕ್ಕಿಯ ಗರಿಯೇ ಸಾಕ್ಷಿಯಾಯಿತು. ಈ ತೆರೆಗಳ ಚರಿತ್ರೆಯಲ್ಲಿ ಹಕ್ಕಿಯು ಸಂಕೇತವಾಗುವುದಕ್ಕೆ ಮೊದಲೇ ವಸ್ತುವಾಗಿತ್ತೆಂಬುದನ್ನು ನಿಘಂಟುಕಾರರು ಮರೆಯಬಾರದು.

ಮೊದಲಿನ ತೆರೆಗಳಲ್ಲಿ ಹಲಗೆಹಲಗೆಗೂ ಬೇರೆಬೇರೆ ಅಂಚಿದ್ದು, ಅವುಗಳನ್ನು ದಾರಗಳಿಂದ ಕಟ್ಟುತ್ತಿದ್ದರು. ಆದುದರಿಂದ ಚಿತ್ರವೂ ಹಲಗೆಹಲಗೆಗೆ ಮುಗಿಯಬೇಕಾಗಿತ್ತು. ಸುಮಾರು ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಕಾಗದದ ಬಿಜಾಗರಿ ರೂಢಿಗೆ ಬಂದಿತು. ಹಲಗೆಗಳು ಎಡೆಯಿಲ್ಲದೆ ಕೂಡಿಕೊಂಡವು. ಒಂದೇ ಮರದ ಕೊಂಬೆ ನಾಲ್ಕು ಹಲಗೆಗಳನ್ನು ದಾಟಿ ಹೋಗುವುದು ಸಾಧ್ಯವಾಯಿತು. ಆರಾರು ಹಲಗೆಯ ಎರಡು ತೆರೆಗಳು ಸೇರಿ ಒಂದು ಜೋಡಿ. ಬಲದಿಂದ ಎಡಕ್ಕೆ ನೋಡುವುದು ಕ್ರಮ. ಬಲತುದಿಯಲ್ಲಿ ವಸಂತವು ತೊಡಗಿದರೆ ಎಡತುದಿಯಲ್ಲಿ ಹಿಮ ಬೀಳುತ್ತಿರುವುದು. ನೋಡುವವನು ಚಾಪೆಯ ಮೇಲೆ ಕುಳಿತಿರುವನು. ದೀಪವು ನೆಲದ ಬಳಿಯಲ್ಲಿರುವುದು. ತೆರೆಯು ಹಾವಿನ ನಡೆಯಂತೆ ಒಳಹೊರಗಾಗಿ ನಿಂತಿರುವುದರಿಂದ ಒಂದು ಹಲಗೆಯ ಹಕ್ಕಿ ಮುಂದಕ್ಕೆ ಬಂದಂತೆಯೂ ಮತ್ತೊಂದರದು ಮಡಿಕೆಯೊಳಗೆ ಅಡಗಿದಂತೆಯೂ ತೋರುವುದು. ಕುಳಿತವನು ಒಂದು ಮೊಳ ಸರಿದರೆ ಅಡಗಿದ ಹಕ್ಕಿ ಹೊರಕ್ಕೆ ಬರುವುದು. ಗ್ರಂಥಗಳಲ್ಲಿ ಅಚ್ಚಾಗುವ ಚಪ್ಪಟೆಯ ಪ್ರತಿಗಳಲ್ಲಿ ಈ ಸೊಗಸಿನ ಸುಳಿವೂ ಸಿಕ್ಕುವುದಿಲ್ಲ.

ಇನ್ನು ಅರ್ಥದ ವಿಚಾರ. ಹೇಆನ್ ಕಾಲದ ಅರಮನೆಗಳಲ್ಲಿ ತೆರೆಯ ಚಿತ್ರವನ್ನು ನೋಡಿ, ಅದರಲ್ಲಿ ಬರೆದಿರುವ ಮನುಷ್ಯನ ಬಾಯಿಂದ ಬಂದಂತೆ ಪದ್ಯವನ್ನು ಕಟ್ಟಿ, ಅದನ್ನು ಚೌಕವಾದ ಕಾಗದದ ಮೇಲೆ ಬರೆದು ತೆರೆಗೇ ಅಂಟಿಸುವ ಪದ್ಧತಿಯಿತ್ತು. ಕೊಕಿನ್‌ಶೂ ಎಂಬ ಪದ್ಯಸಂಕಲನದ ಸಂಪಾದಕರಲ್ಲಿ ಮುಖ್ಯನಾದ ಕಿ ನೊ ತ್ಸುರಾಯುಕಿಯು ಇಂತಹ ತೆರೆಪದ್ಯಗಳನ್ನು ಬಹುಸಂಖ್ಯೆಯಲ್ಲಿ ರಚಿಸಿದನು. ಹೀಗಿರಲು ತೆರೆಯ ಮೇಲಿನ ಹಕ್ಕಿ ಕಾಡಿನಿಂದ ಬಂದುದಕ್ಕಿಂತ ಹೆಚ್ಚಾಗಿ ಕಾವ್ಯದಿಂದ ಬಂದುದು. 1214ರಲ್ಲಿ ಫುಜಿವಾರ ನೊ ತೇಯ್ಕನು ಹನ್ನೆರಡು ಮಾಸಗಳಿಗೆ ಒಂದೊಂದು ಹೂವು, ಒಂದೊಂದು ಹಕ್ಕಿಯಂತೆ ಗೊತ್ತುಮಾಡಿ ಪದ್ಯಗಳನ್ನು ಬರೆದನು. ಮೊದಲ ತಿಂಗಳಿಗೆ ವಿಲೋ ಮರ ಮತ್ತು ಉಗುಯಿಸು ಎಂಬ ಹಾಡುಹಕ್ಕಿ. ನಾಲ್ಕನೆಯ ತಿಂಗಳಿಗೆ ಕೋಗಿಲೆಯ ಬಳಗದ ಹೊತೊತೊಗಿಸು. ಎಂಟನೆಯದಕ್ಕೆ ಆಗತಾನೆ ಬಂದಿಳಿದ ಹೆಬ್ಬಾತು. ಒಂಬತ್ತನೆಯದಕ್ಕೆ ಜೊಂಡುಹುಲ್ಲು ಮತ್ತು ಲಾವಕ್ಕಿ. ಹತ್ತನೆಯದಕ್ಕೆ ಸೇವಂತಿಗೆಯೊಡನೆ ಸಾರಸ. ಮುಂದೆ ನಾಲ್ಕೈದು ನೂರು ವರ್ಷಗಳವರೆಗೆ ಚಿತ್ರಕಾರರು ಈ ಪಟ್ಟಿಯನ್ನು ಕೈಬಿಡಲಿಲ್ಲ. ಇದರಲ್ಲಿ ಒಂದು ಕೌತುಕವುಂಟು. ಏಳನೆಯ ತಿಂಗಳಿಗೆ ತೇಯ್ಕನು ಕಸಸಾಗಿ ಎಂಬ ಕಪ್ಪುಬಿಳುಪಿನ ಹಕ್ಕಿಯನ್ನು ಆರಿಸಿದನು. ಆ ತಿಂಗಳ ಏಳನೆಯ ರಾತ್ರಿ ಆಕಾಶಗಂಗೆಯ ಎರಡು ದಡಗಳಲ್ಲಿರುವ ಪ್ರಣಯಿಗಳಾದ ನಕ್ಷತ್ರಗಳನ್ನು ಕೂಡಿಸಲು ಈ ಹಕ್ಕಿಗಳು ರೆಕ್ಕೆಗೆ ರೆಕ್ಕೆಯನ್ನು ಸೇರಿಸಿ ಸೇತುವೆಯಾಗುವುವೆಂದು ಚೀನಾದ ಕಥೆ. ಕ್ಯೋತೋ ನಗರದ ಕವಿಗೆ ಅದು ಕಿಟಕಿಯಾಚೆ ಕಾಣುವ ಹಕ್ಕಿಯಲ್ಲ. ಪುಸ್ತಕದಲ್ಲಿ ಕಂಡ ಹಕ್ಕಿಯನ್ನು ಕವಿ ಹಾಡಿದನು. ಕವಿ ಹಾಡಿದ ಹಕ್ಕಿಯನ್ನು ಚಿತ್ರಕಾರನು ಬರೆದನು.

ಸಂಸ್ಕೃತಾಲಂಕಾರಿಕರ ಪರಿಚಯವುಳ್ಳವರಿಗೆ ಇದು ಹೊಸದಲ್ಲ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಕವಿಸಮಯವನ್ನು ವಿವರಿಸುತ್ತ, ಲೋಕದಲ್ಲಿ ಇಲ್ಲದುದನ್ನು ಹೇಳುವುದು, ಇರುವುದನ್ನು ಹೇಳದೆ ಬಿಡುವುದು, ಹಲವು ಕಡೆ ಇರುವುದನ್ನು ಒಂದೇ ಕಡೆಗೆ ಗೊತ್ತುಮಾಡುವುದು ಎಂದು ಮೂರು ಬಗೆಯನ್ನು ತೋರಿಸಿರುವನು. ನೀರಿರುವಲ್ಲೆಲ್ಲ ಹಂಸವನ್ನು ಹೇಳುವುದು ಮೊದಲನೆಯದಕ್ಕೆ ಉದಾಹರಣೆ; ಬೇಸಗೆಯಲ್ಲಿಯೂ ಕೂಗುವ ಕೋಗಿಲೆಯನ್ನು ವಸಂತಕ್ಕೆ ಮಾತ್ರ ಮೀಸಲಿಡುವುದು ಮೂರನೆಯದಕ್ಕೆ. ಜಪಾನಿನ ತೆರೆಗಳಲ್ಲಿ ಈ ಮೂರೂ ಇವೆ. ಅವುಗಳಲ್ಲಿ ಅತಿ ಪ್ರಸಿದ್ಧವಾದುದು ಪೈನ್ ಮರದ ಮೇಲೆ ಕುಳಿತ ಸಾರಸ. ಸಾವಿರ ವರ್ಷ ಬಾಳುವುದೆಂದು ಹೆಸರಾದ ಹಕ್ಕಿಯನ್ನು ಎಂದೂ ಹಸುರು ಬಾಡದ ಮರದೊಡನೆ ಸೇರಿಸಿದರೆ ಮಂಗಳವು ಇಮ್ಮಡಿಸುವುದು ಸಹಜವೇ. ಆದರೆ ನೆತ್ತಿಯಲ್ಲಿ ಕೆಂಪುಳ್ಳ ಆ ಸಾರಸವು ಮರದ ಮೇಲೆ ಕೂಡುವುದಿಲ್ಲ. ಅದರ ಹಿಂಬೆರಳು ಚಿಕ್ಕದು, ಕೊಂಬೆಯನ್ನು ಹಿಡಿಯಲಾರದು. ಜವುಗುನೆಲವೇ ಅದರ ಮನೆ. ಪೈನ್ ಮರದ ತುದಿಯಲ್ಲಿ ಗೂಡುಕಟ್ಟುವುದು ಕೊನೊತೊರಿ ಎಂಬ ಕೊಕ್ಕರೆ. ಬಿಳಿಯ ಮೈ, ಕರಿಯ ರೆಕ್ಕೆಯಂಚು, ಉದ್ದನೆಯ ಕಾಲುಗಳಿಂದ ದೂರಕ್ಕೆ ಎರಡೂ ಒಂದೇ ಬಗೆಯಾಗಿ ಕಾಣುವುವು. ಜನರ ಕಣ್ಣಿಗೆ ಎರಡು ಹಕ್ಕಿಗಳು ಬೆರೆತು ಒಂದಾಗಿ, ಆ ಒಂದು ಹಕ್ಕಿ ಮರವನ್ನೇರಿತೆಂದು ಊಹಿಸುವವರುಂಟು. ಊಹೆ ಯುಕ್ತವಾಗಿಯೇ ಇದೆ. ಇದನ್ನು ದೋಷವೆಂದು ಎಣಿಸುವ ವಿಮರ್ಶಕನು ಚಕೋರವು ಬೆಳುದಿಂಗಳನ್ನು ಕುಡಿಯದೆಂದು ಸಾಧಿಸಲು ಹೊರಟವನಂತೆ ಅರಸಿಕನಾಗುವನು.

ಲಾವಕ್ಕಿಯ ಕಥೆ ಇದಕ್ಕಿಂತಲೂ ಸೂಕ್ಷ್ಮವಾದುದು. ಇಸೆ ಮೊನೊಗತಾರಿ ಎಂಬ ಹಳೆಯ ಕಥಾಗ್ರಂಥದಲ್ಲಿ ಫುಕಕುಸ ಎಂಬ ಊರಿನಲ್ಲಿ ಒಬ್ಬಳೊಡನೆ ಬಾಳಿದ ಗಂಡಸು ಬೇಸತ್ತು ಹೊರಡುವನು. ತಾನು ಹೋದರೆ ಊರು ಇನ್ನೂ ಹುಲ್ಲುಗಾಡಾಗುವುದೇ ಎಂದು ಕೇಳುವನು. ತಾನು ಆ ಹುಲ್ಲಿನಲ್ಲಿ ಲಾವಕ್ಕಿಯಾಗಿ ಕೂಗುತ್ತಿರುವೆನೆಂದೂ, ಬೇಟೆಗಾದರೂ ಆತನು ಬಾರದಿರನೆಂದೂ ಅವಳು ಉತ್ತರ ಕೊಡುವಳು. ಅವನು ಹೊರಡುವುದನ್ನು ಬಿಟ್ಟನು. ಹನ್ನೆರಡನೆಯ ಶತಮಾನದಲ್ಲಿ ಶುನ್‌ಜೇ ಕವಿ ಅದೇ ಊರಿನ ಸಂಜೆಯ ಗಾಳಿಯಲ್ಲಿ ಅದೇ ಹಕ್ಕಿಯ ಕೂಗನ್ನು ಕೇಳಿಸಿದನು. ಆಮೇಲೆ ಜೊಂಡುಹುಲ್ಲಿನ ಬುಡದಲ್ಲಿ ಲಾವಕ್ಕಿಯೊಂದನ್ನು ಬರೆದರೆ ಸಾಕು. ತಿಳಿದವನಿಗೆ ಬಿಟ್ಟುಹೋದ ಗಂಡಸು, ಕಾಯುವ ಹೆಂಗಸು, ಬರಲಿರುವ ಬೇಟೆ ಎಲ್ಲವೂ ತೋರುವುವು. ಲಾವಕ್ಕಿಗಳನ್ನು ಬರೆಯುವುದರಲ್ಲಿ ತೊಸ ಮಿತ್ಸುಒಕಿಯನ್ನು (1617–1691) ಮೀರಿದವರಿಲ್ಲವೆಂದು ಪ್ರಸಿದ್ಧಿ. ಅವನು ಗರಿಗರಿಯನ್ನೂ ಬಿಡಿಸಿ ಬರೆದನೆಂಬುದು ನಿಜ. ಆದರೆ ಹೆಂಗಸು ಚಿತ್ರದಲ್ಲಿಲ್ಲದೆ ಹುಲ್ಲಿನಲ್ಲಿ ಇರುವುದು, ಅವಳ ಅಳಲು ಕಾಣದೆ ಕೇಳುವುದು, ಇದೇ ಅದರ ಜೀವಾಳ. ಆನಂದವರ್ಧನನು ಧ್ವನಿಯೆಂದು ಕರೆದ ವಸ್ತು ಇಂತಹುದಲ್ಲದೆ ಬೇರೆ ಯಾವುದು? ‘ಲಾವಕ್ಕಿಯೆಂದರೆ ಶರತ್ಕಾಲ’ ಎಂದು ಚೀಟಿಯಲ್ಲಿ ಬರೆದರೆ ಆ ಹೆಂಗಸನ್ನು ಎರಡನೆಯ ಸಲ ತೊರೆದಂತಾಗುವುದು.

ಶ್ಲೇಷಕ್ಕೂ ಇಲ್ಲಿ ಎಡೆಯುಂಟು. ಟಿಟ್ಟಿಭದ ಬಳಗಕ್ಕೆ ಸೇರಿದ ಚಿದೊರಿಯೆಂಬ ಕಿರುಹಕ್ಕಿ ಅಲೆಗಳ ಮೇಲೆ ಹಾರುವುದನ್ನು ಎಷ್ಟೋ ತೆರೆಗಳಲ್ಲಿ ಬರೆದಿರುವರು. ಅದರ ಕೂಗು ಆ ಭಾಷೆಯವರ ಕಿವಿಗೆ ‘ಚಿಯೊ’ ಎಂದು ಕೇಳುವುದು. ಆ ಶಬ್ದಕ್ಕೆ ಸಾವಿರ ತಲೆಮಾರು ಎಂದರ್ಥ. ಆದುದರಿಂದ ಚಳಿಗಾಲದ ಏಕಾಂತವನ್ನು ಸೂಚಿಸುವ ಹಕ್ಕಿಯೇ ಅರಸನಿಗೆ ಆಶೀರ್ವಾದ ಮಾಡುವ ಹಕ್ಕಿಯೂ ಆಯಿತು. ಇದನ್ನು ಚಿತ್ರದಲ್ಲಿ ಹೇಗೆ ತೋರಿಸುವುದು? ತೋರಿಸುವುದಿಲ್ಲ. ನೋಡುವವನ ಕಿವಿಯೇ ಅದನ್ನು ಪೂರ್ತಿಮಾಡಬೇಕು.

ಒಂದೇ ಶಬ್ದಕ್ಕೆ ಹಲವು ಅರ್ಥಗಳಿರುವಾಗ ಯಾವುದನ್ನು ಹಿಡಿಯಬೇಕೆಂಬ ಪ್ರಶ್ನೆಗೆ ಭರ್ತೃಹರಿಯು ವಾಕ್ಯಪದೀಯದಲ್ಲಿ ಸಂಯೋಗ, ವಿಪ್ರಯೋಗ, ಸಾಹಚರ್ಯ, ವಿರೋಧ, ಪ್ರಕರಣ, ದೇಶ, ಕಾಲ ಮೊದಲಾದ ನಿಯಾಮಕಗಳನ್ನು ಹೇಳಿದನು. ಹರಿಯೆಂದರೆ ವಿಷ್ಣುವೂ ಹೌದು, ಸಿಂಹವೂ ಹೌದು, ಕಪಿಯೂ ಹೌದು. ಶಂಖಚಕ್ರಗಳ ಸಂಯೋಗವಾದರೆ ವಿಷ್ಣುವೇ. ಈ ಸೂತ್ರವನ್ನು ತೆರೆಯ ಹಕ್ಕಿಗಳಿಗೆ ಅನ್ವಯಿಸಿ ನೋಡಿದರೆ ಚೀಟಿಯ ನಿಘಂಟು ಎಲ್ಲಿ ಸೋಲುವುದೆಂದು ತಿಳಿಯುವುದು. ಡೇಗೆಯನ್ನೇ ತೆಗೆದುಕೊಳ್ಳಬಹುದು. ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಸೋಗ ಚೋಕುವಾನ್, ನಿಚೋಕುವಾನ್ ಎಂಬವರು ಡೇಗೆಗಳನ್ನು ಬರೆಯುವುದರಲ್ಲಿ ಹೆಸರಾದರು. ಬಂಡೆಯ ಮೇಲೆ ಕುಳಿತು ಹೊಂಚುವ ಡೇಗೆಯ ಅರ್ಥ ಒಂದು. ಹಲಗೆಗೊಂದರಂತೆ ಹನ್ನೆರಡು ಅಡ್ಡೆಗಳ ಮೇಲೆ, ಕಾಲಿಗೆ ರೇಷ್ಮೆಯ ಹುರಿ ಕಟ್ಟಿ ಕೂರಿಸಿದ ಡೇಗೆಗಳ ಅರ್ಥ ಇನ್ನೊಂದು. ಎರಡನೆಯ ಬಗೆಯ ತೆರೆಗಳು ದೈಮ್ಯೋ ಎಂಬ ಸಾಮಂತರ ಮನೆಗಳಲ್ಲಿ ಬಹಳ ಮೆಚ್ಚಿಕೆಯವು. ಡೇಗೆಯನ್ನು ಸಾಕುವುದು, ಕಾಣಿಕೆಯಾಗಿ ಕೊಡುವುದು, ಪಡೆಯುವುದು ಆಗ ಅಧಿಕಾರದ ಲಕ್ಷಣವಾಗಿತ್ತು. ಶೌರ್ಯವೆಂದು ಚೀಟಿ ಹೇಳುವುದು. ಹುರಿಯನ್ನು ನೋಡಿದವನು ಆ ಶೌರ್ಯವು ಯಾರ ಕೈಯಲ್ಲಿದೆ ಎಂದು ಕೇಳದೆ ಇರಲಾರನು. ತೊಕುಗಾವ ಇಎಯಾಸುವಿಗೆ ಡೇಗೆಬೇಟೆಯೆಂದರೆ ಪ್ರಾಣ. ಅವನ ವಂಶದ ಐದನೆಯ ಷೋಗನನಾದ ತ್ಸುನಾಯೋಶಿಯು ಪ್ರಾಣಿದಯೆಯ ಕಟ್ಟಳೆಗಳನ್ನು ಹೊರಡಿಸಿ ಆ ಬೇಟೆಯನ್ನೇ ನಿಲ್ಲಿಸಿದನು. 1716ರಲ್ಲಿ ಅಧಿಕಾರಕ್ಕೆ ಬಂದ ಯೋಶಿಮುನೆ ಅದನ್ನು ಮತ್ತೆ ತೊಡಗಿಸಿದನು. ಹೋಓ ಪಕ್ಷಿಯನ್ನು ಕುರಿತು ಇಷ್ಟು ವಿಸ್ತಾರ ಬೇಕಾಗಿಲ್ಲ. ಧರ್ಮಿಷ್ಠನಾದ ಅರಸನು ಆಳುವಾಗ ಮಾತ್ರ ಇಳಿಯುವುದು, ಕಿರಿ ಎಂಬ ಮರದಲ್ಲಿ ಮಾತ್ರ ತಂಗುವುದು, ಬಿದಿರಕ್ಕಿಯನ್ನು ಮಾತ್ರ ತಿನ್ನುವುದು ಎಂದು ಅದರ ಕಟ್ಟುಪಾಡು. ಷೋಗನರ ಆಸ್ಥಾನಚಿತ್ರಕಾರನಾದ ಕಾನೋ ತಾನ್‌ಯೂ (1602–1674) ಬರೆದ ಹೋಓ ತೆರೆಗಳು ಭವ್ಯವಾಗಿವೆ. ಆದರೆ ಅವು ಪ್ರಶಸ್ತಿಕಾವ್ಯದ ಜಾತಿಗೆ ಸೇರಿದವು. ಅರಸನು ಧರ್ಮಿಷ್ಠನೋ ಅಲ್ಲವೋ, ಬರೆಯಿಸಿದವನ ಮನೆಗೆ ಹಕ್ಕಿ ಇಳಿದೇ ಇಳಿಯಿತು.

ಡೇಗೆಗೂ ಸಾರಸಕ್ಕೂ ಇದ್ದ ಸಂಬಂಧವನ್ನು ಮಾತ್ರ ಹೇಳದೆ ಬಿಡಲಾಗದು. ಯೆದೋ ಕಾಲದಲ್ಲಿ ಸಾಮಾನ್ಯರು ಸಾರಸವನ್ನು ಕೊಲ್ಲಕೂಡದೆಂದು ಕಟ್ಟಳೆಯಿತ್ತು. ಕಾರಣ, ಅದು ಷೋಗನನ ಬೇಟೆಗೆ ಮೀಸಲು. ಚಳಿಗಾಲದಲ್ಲಿ ಷೋಗನನು ಪರಿವಾರದೊಡನೆ ಹೊರಟು ತನ್ನ ಡೇಗೆಯಿಂದ ಸಾರಸವನ್ನು ಹಿಡಿಯಿಸಿ, ಅದನ್ನು ಕ್ಯೋತೋವಿನ ಚಕ್ರವರ್ತಿಗೆ ಕಳುಹಿಸುವನು. ಹೊಸವರ್ಷದ ಸಮಯದಲ್ಲಿ ಅರಮನೆಯ ಬಾಣಸಿಗನು ಶಾಸ್ತ್ರೋಕ್ತವಾಗಿ ಕತ್ತಿಯನ್ನು ಹಿಡಿದು ಅದನ್ನು ಹೆಚ್ಚುವ ಉತ್ಸವವಿತ್ತು. ಸಾವಿರ ವರ್ಷ ಬಾಳುವ ಹಕ್ಕಿಯ ಸಾರು ಆಯುರ್ವೃದ್ಧಿಕರವೆಂದು ನಂಬಿಕೆ. ಒಂದೇ ಮನೆಯಲ್ಲಿ ಒಂದು ಕೋಣೆಯ ತೆರೆಯ ಮೇಲೆ ಸಾರಸವೂ, ಮತ್ತೊಂದರ ತೆರೆಯ ಮೇಲೆ ಡೇಗೆಯೂ ಇದ್ದಾಗ, ಚೀಟಿಗಳ ಪ್ರಕಾರ ಆಯುಸ್ಸೂ ಶೌರ್ಯವೂ ನೆರೆಹೊರೆಯಾಗಿ ಸುಖದಿಂದಿರುವುವು. ಆ ಮನೆಯವರಿಗೆ ಹಾಗೆ ಮಾತ್ರವೇ ತೋರುತ್ತಿತ್ತೆಂದು ನಂಬುವುದು ಕಷ್ಟ.

ರೂಢಿಯ ಅರ್ಥವನ್ನು ಒಪ್ಪಿಕೊಂಡೂ ಅದನ್ನು ಮೀರಿದ ಚಿತ್ರವಾವುದೆಂದು ಕೇಳಿದರೆ ಹಸೆಗಾವ ತೋಹಾಕುವಿನ (1539–1610) ಕಾಗೆ ಬೆಳ್ಳಕ್ಕಿಗಳ ಜೋಡಿತೆರೆಯನ್ನು ಮೊದಲು ಹೇಳಬೇಕು. ಅದು ತೋಕಿಯೋ ನಗರದ ಇದೆಮಿತ್ಸು ಕಲಾಶಾಲೆಯಲ್ಲಿದೆ. ಒಂದು ತೆರೆಯಲ್ಲಿ ಪೈನ್ ಮರ, ಅದರಲ್ಲಿ ಮರಿಗಳೊಡನೆ ಕಾಗೆಯ ಸಂಸಾರ. ಮತ್ತೊಂದರಲ್ಲಿ ವಿಲೋ ಮರ, ಬೆಳ್ಳಕ್ಕಿಗಳು. ಹೊನ್ನಿಲ್ಲ, ಬಣ್ಣವಿಲ್ಲ, ಮಸಿಯೊಂದೇ. ತೋಹಾಕುವಿಗೆ ಗುರುವೆನ್ನಬಹುದಾದವನು ಅವನಿಗಿಂತ ಮುನ್ನೂರು ವರ್ಷ ಹಿಂದಿನ ಚೀನಾದ ಸನ್ಯಾಸಿ ಮುಚೀ. ಅವನ ಸಾರಸ, ಅವಲೋಕಿತೇಶ್ವರ, ಕಪಿಗಳ ಮೂರು ಪಟಗಳು ಕ್ಯೋತೋವಿನ ದೈತೊಕುಜಿಯಲ್ಲಿದ್ದುವು. ತೋಹಾಕು ಅವುಗಳನ್ನು ನೋಡಿ ನೋಡಿ ಕೈಯನ್ನು ತಿದ್ದಿಕೊಂಡನು. ಮುಚೀಯ ಸಂಪ್ರದಾಯದಲ್ಲಿ ಕಪ್ಪು ಹಕ್ಕಿಯನ್ನು ಬರೆಯಬೇಕಾದರೆ ಗೊರವಂಕದ ಜಾತಿಯ ಒಂದು ಚೀನೀ ಹಕ್ಕಿಯನ್ನು ಬರೆಯುವುದು ಮರ್ಯಾದೆ. ತೋಹಾಕು ಅದನ್ನು ಬಿಟ್ಟು ತನ್ನ ಊರಿನ ಕಾಗೆಯನ್ನು ತಂದನು.

ಕಾಗೆಗೆ ಚೀನಾದ ನಿಘಂಟಿನಲ್ಲಿಯೂ ಒಂದು ಗೌರವದ ಅರ್ಥವುಂಟು: ಬೆಳೆದ ಮರಿಯು ಮುದಿಯಾದ ತಾಯ್ತಂದೆಗಳಿಗೆ ಗುಟುಕು ಕೊಡುವುದರಿಂದ ಅದು ಪಿತೃಭಕ್ತಿಯ ಹಕ್ಕಿ. ತೋಹಾಕು ಇದನ್ನು ಬಲ್ಲವನೇ ಆಗಿರಬೇಕು. ಆದರೂ ಅವನು ಬರೆದುದು ಗುಟುಕು ಕೊಡುವ ಮಗನನ್ನಲ್ಲ. ಗೂಡಿನ ಮರಿಗಳನ್ನೂ ಅವುಗಳ ಮೇಲೆ ಕಣ್ಣಿಟ್ಟ ಹೆತ್ತವರನ್ನೂ. ಋಣವು ತೀರುವ ಕಾಲ ಇನ್ನೂ ಬಂದಿಲ್ಲ. ಋಣವು ಏರುತ್ತಿರುವ ಕಾಲವದು. ಈ ಒಂದು ಪಲ್ಲಟದಿಂದ ನೀತಿಯು ಹಿಂದೆ ಸರಿದು ವಾತ್ಸಲ್ಯವು ಮುಂದೆ ಬಂದಿತು. ಭಾರತೀಯನಾದ ನೋಟಕನಿಗೆ ಇಲ್ಲಿ ಇನ್ನೂ ಒಂದು ನೆನಪು ಸುಳಿಯುವುದು. ಸಂಸ್ಕೃತದಲ್ಲಿ ಕೋಗಿಲೆಗೆ ಪರಭೃತವೆಂದು ಹೆಸರು. ಅದನ್ನು ಹೊತ್ತು ಸಾಕಿದುದು ಕಾಗೆ. ಕವಿಗಳೆಲ್ಲ ಸಾಕಿಸಿಕೊಂಡುದನ್ನು ಹಾಡಿದರು, ಸಾಕಿದುದನ್ನು ಪಿಂಡದ ಹೊತ್ತಿಗೆ ಮಾತ್ರ ಕರೆದರು. ಬಿಳುಪು ಕರಿದುಗಳ ವಿಚಾರದಲ್ಲಿಯೂ ತೋಹಾಕು ಜಾಣತನವನ್ನು ಮೆರೆಯುವುದಿಲ್ಲ. ಕಾಗೆಯ ಮೈಗೆ ಮಸಿ ಎಲ್ಲಕ್ಕಿಂತ ದಟ್ಟವಾಗಿ ಬಿದ್ದಿದೆ. ಮಸಿಯ ಚಿತ್ರದಲ್ಲಿ ಬೆಳ್ಳಕ್ಕಿಗೆ ಮೈಯಾಗುವುದು ಬರೆಯದೆ ಬಿಟ್ಟ ಕಾಗದ. ಒಂದು ಹಕ್ಕಿ ಕುಂಚದಿಂದ ಹುಟ್ಟಿತು, ಮತ್ತೊಂದು ಕುಂಚವು ದೂರ ನಿಂತುದರಿಂದ. ಪಾಪಪುಣ್ಯಗಳ ಗುರುತಾಗಿ ಕರಿದು ಬಿಳಿದನ್ನು ಎದುರುಬದುರು ನಿಲ್ಲಿಸಿದನೆಂದು ಹೇಳುವವರಿದ್ದರೆ ಅವರು ಕಾಗೆಯ ಗೂಡನ್ನು ಇನ್ನೊಮ್ಮೆ ನೋಡಬೇಕು. ಪುಣ್ಯವೇನಾದರೂ ಈ ಜೋಡಿಯಲ್ಲಿದ್ದರೆ ಅದು ಕರಿಯ ತೆರೆಯಲ್ಲಿದೆ.

ಸಂಕೇತವನ್ನೇ ಹುಡುಕುತ್ತ ಹೋಗುವವರಿಗೆ ಪಾಠ ಕಲಿಸುವ ತೆರೆಗಳೂ ಇರುವುವು. ನಾಗಸಾವ ರೊಸೆತ್ಸುವು (1754–1799) ಒಂದು ತೆರೆಯ ತುಂಬ ಬಿಳಿಯಾನೆಯನ್ನೂ ಅದರ ಜೋಡಿಯ ತುಂಬ ಕರಿಯ ಹೋರಿಯನ್ನೂ ಬರೆದು, ಆನೆಯ ಬೆನ್ನ ಮೇಲೆ ಎರಡು ಕರಿಯ ಕಾಗೆಗಳನ್ನು ಕೂರಿಸಿ, ಹೋರಿಯ ಪಕ್ಕದಲ್ಲಿ ಬಿಳಿಯ ನಾಯಿಮರಿಯೊಂದನ್ನು ಕೆಡವಿದನು. ಇಲ್ಲಿ ಕಾಗೆ ಪಿತೃಭಕ್ತಿಯೂ ಅಲ್ಲ, ಅಪಶಕುನವೂ ಅಲ್ಲ. ಆನೆ ಎಷ್ಟು ದೊಡ್ಡದು, ಎಷ್ಟು ಬಿಳಿದು ಎಂದು ತಿಳಿಸುವ ಅಳತೆ ಅದು, ಜೊತೆಗೆ ನಗು. ಇತೋ ಜಾಕುಚೂ (1716–1800) ಕ್ಯೋತೋವಿನ ತರಕಾರಿ ವರ್ತಕರ ಮನೆಯಲ್ಲಿ ಹುಟ್ಟಿ, ಅಂಗಳದಲ್ಲಿ ಕೋಳಿಗಳನ್ನು ಸಾಕಿ, ಅವುಗಳ ನಡೆಯನ್ನು ನೋಡುತ್ತ ಬರೆಯಲು ಕಲಿತನು. ಅವನ ಹುಂಜಗಳಿಗೆ ಶಾಸ್ತ್ರದ ಅರ್ಥ ಹೇಳುವವರು ಹೇಳಲಿ. ಒಂದು ಹುಂಜವು ಇನ್ನೊಂದನ್ನು ಓರೆಯಾಗಿ ನೋಡುವ ಗರ್ವವನ್ನು ಆ ಅರ್ಥ ಮುಟ್ಟಲಾರದು.

ಒಗಾತ ಕೋರಿನನ (1658–1716) ಹೆಸರಿನಲ್ಲಿ ನಡೆದುಬಂದ ಸಾರಸಗಳ ಜೋಡಿತೆರೆ ವಾಷಿಂಗ್ಟನ್ನಿನ ಫ್ರೀಯರ್ ಚಿತ್ರಶಾಲೆಯಲ್ಲಿದೆ. ಹೊನ್ನಿನ ನೆಲದ ಮೇಲೆ ಎರಡು ಕಡೆಗಳಿಂದಲೂ ಸಾಲಾಗಿ ಬರುವ ಹಕ್ಕಿಗಳು, ಅಂಚಿನಲ್ಲಿ ಸುರುಳಿ ಸುತ್ತಿದ ನೀರು. ಆಕಾಶವಿಲ್ಲ, ಮರವಿಲ್ಲ, ಋತುವಿಲ್ಲ. ಹಕ್ಕಿಯಿಂದ ಹಕ್ಕಿಗೆ ಕತ್ತಿನ ಬಾಗು, ಕಾಲಿನ ನೆಟ್ಟಗು ಮರುಕಳಿಸುವುದನ್ನು ನೋಡುವುದು ತಾಳವನ್ನು ಕೇಳಿದಂತಿರುವುದು. ಇದರ ಚೆಲುವನ್ನು ಅಲ್ಲಗಳೆಯುವವನು ಕಣ್ಣಿಲ್ಲದವನು. ಆದರೂ ಈ ಚೆಲುವಿನಲ್ಲಿ ಒಂದು ಅಪಾಯವು ಅಡಗಿದೆ. ತೇಯ್ಕನ ಸಾರಸಕ್ಕೆ ಹತ್ತನೆಯ ತಿಂಗಳಿನ ಸೇವಂತಿಗೆಯಾದರೂ ಇತ್ತು. ಮುಚೀಯ ಸಾರಸಕ್ಕೆ ಬಿದಿರಮೆಳೆಯ ಮಂಜಿತ್ತು, ತೆರೆದ ಕೊಕ್ಕಿನಲ್ಲಿ ಕೂಗಿತ್ತು. ಇಲ್ಲಿ ಹಕ್ಕಿಯು ದೇಶಕಾಲಗಳನ್ನು ಕಳಚಿಕೊಂಡು ಅಚ್ಚಿನ ಗುರುತಾಗಿದೆ. ಈ ಗುರುತನ್ನು ಮದುವೆಯ ಉಡುಪಿಗೂ ಅರಗಿನ ಪೆಟ್ಟಿಗೆಗೂ ಕಾಗದದ ಹಣಕ್ಕೂ ಇಳಿಸುವುದು ಮುಂದಿನವರಿಗೆ ಬಹಳ ಸುಲಭವಾಯಿತು. ಕೋರಿನನನ್ನು ಇದಕ್ಕಾಗಿ ಹಳಿಯುವುದು ಸಲ್ಲದು. ಅನುಕರಣೆಯ ದೋಷವು ಮೂಲಕ್ಕೆ ತಾಗದು. ತೋಹಾಕುವಿನ ಕಾಗೆಯನ್ನು ಮಾತ್ರ ಯಾರೂ ಪೆಟ್ಟಿಗೆಯ ಮುಚ್ಚಳಕ್ಕೆ ಇಳಿಸಲಾರದೆ ಹೋದರೆಂಬುದನ್ನು ಗಮನಿಸಬೇಕು.

ಅರ್ಥವು ಹಕ್ಕಿಯಲ್ಲಿದೆಯೋ ತೆರೆಯನ್ನು ನಿಲ್ಲಿಸುವ ಕೈಯಲ್ಲಿದೆಯೋ ಎಂಬ ಸಂದೇಹಕ್ಕೆ ಆ ದೇಶದ ಎರಡು ಆಚಾರಗಳು ಉತ್ತರ ಕೊಡುವುವು. ಶ್ರೀಮಂತರ ಮನೆಗಳಲ್ಲಿ ಹೆರಿಗೆಯ ಕೋಣೆಯನ್ನೆಲ್ಲ ಬಿಳಿದು ಮಾಡುತ್ತಿದ್ದರು. ಅಲ್ಲಿ ನಿಲ್ಲಿಸುವ ತೆರೆಯೂ ಬಿಳಿಯ ಕಾಗದದ ಮೇಲೆ ಬಿಳಿಯ ಬಣ್ಣದಿಂದಲೇ ಬರೆದುದು. ಪೈನ್, ಬಿದಿರು, ಸಾರಸ, ಆಮೆ ಇವೇ ಅದರ ವಸ್ತುಗಳು. ಮಂದವಾದ ಬೆಳಕಿನಲ್ಲಿ ಮಲಗಿದವಳಿಗೆ ಆ ಸಾರಸವು ಒಮ್ಮೆ ಕಂಡೂ ಒಮ್ಮೆ ಕಾಣದೆಯೂ ಇರುವುದು. ತಾಯಿಯೂ ಮಗುವೂ ಉಳಿಯುವರೋ ಇಲ್ಲವೋ ಎಂಬ 7 ರಾತ್ರಿಗಳಲ್ಲಿ ‘ದೀರ್ಘಾಯುಸ್ಸು’ ಎಂಬ ಶಬ್ದಕ್ಕೆ ಎಷ್ಟು ತೂಕವಿರುವುದೆಂದು ಹೆತ್ತವರು ಬಲ್ಲರು. ಇಂತಹ ತೆರೆಗಳನ್ನು ಕೆಲಸ ಮುಗಿದ ಮೇಲೆ ಉಳಿಸುತ್ತಿರಲಿಲ್ಲವಾದುದರಿಂದ ಈಗ ದೊರೆಯುವುವು ಬಹಳ ಕಡಮೆ. ಮತ್ತೊಂದು ಆಚಾರ ಸಾವಿನದು. ಸತ್ತವನ ತಲೆದಿಂಬಿನ ಬಳಿ ತೆರೆಯನ್ನು ತಲೆಕೆಳಗಾಗಿ ನಿಲ್ಲಿಸುವರು. ಬದುಕಿದವರ ಲೋಕದ ಕ್ರಮವು ಅಲ್ಲಿ ನಡೆಯದೆಂಬುದು ಅದರ ಭಾವ. ಬರೆದ ಮರದ ಬುಡ ಮೇಲಾಗುವುದು, ತುದಿ ಕೆಳಗಾಗುವುದು. ಹಕ್ಕಿಯಿದ್ದರೆ ಅದರ ಕಾಲು ಆಕಾಶಕ್ಕೆ ತಾಗುವುದು. ಚಿತ್ರ ಅದೇ, ಹಕ್ಕಿ ಅದೇ. ಚೀಟಿಯನ್ನು ಮಾತ್ರ ಅಲ್ಲಿ ಓದಲಾಗದು.

ಈಗ ಆ ತೆರೆಗಳಲ್ಲಿ ಅನೇಕವು ಗಾಜಿನ ಹಿಂದೆ ಸಮನಾದ ಬೆಳಕಿನಲ್ಲಿ ನಿಂತಿರುವುವು. ಸಾರಸದ ಕಥೆಯಾದರೋ ಬೇರೆಯೇ ಆಯಿತು. 1868ರಲ್ಲಿ ಷೋಗನರ ಆಳಿಕೆ ಮುಗಿದುದರಿಂದ ಅವರ ಬೇಟೆಯ ಮೀಸಲೂ ಮುಗಿಯಿತು. ಸ್ವಾರ್ಥಕ್ಕಾಗಿಯಾದರೂ ಹಕ್ಕಿಯನ್ನು ಕಾಪಾಡಿದ್ದ ಕಟ್ಟಳೆ ಸಡಲಿತು. ಕೋವಿ ಎಲ್ಲರ ಕೈಗೂ ಬಂದಿತು, ಜವುಗುನೆಲಗಳು ಗದ್ದೆಗಳಾದುವು. ತೆರೆಗಳ ಮೇಲೆ, ಉಡುಪುಗಳ ಮೇಲೆ, ಬಟ್ಟಲುಗಳ ಮೇಲೆ ಸಾರಸವು ಹಿಂದೆಂದಿಗಿಂತಲೂ ಹೆಚ್ಚಾಗಿ ಹಾರುತ್ತಿದ್ದ ಕಾಲದಲ್ಲಿಯೇ ದೇಶದಲ್ಲಿ ಕೆಂಪುನೆತ್ತಿಯ ಸಾರಸವು ಮುಗಿದುಹೋಯಿತೆಂದು ಜನರು ತಿಳಿದರು. 1924ರಲ್ಲಿ ಉತ್ತರದ ಹೊಕ್ಕೈದೋ ದ್ವೀಪದ ಕುಶಿರೋ ಜವುಗಿನಲ್ಲಿ ಹತ್ತಾರು ಹಕ್ಕಿಗಳು ಉಳಿದಿರುವುದು ಕಂಡುಬಂದಿತು. 1950ರ ಸುಮಾರಿಗೆ ಒಂದು ಕಡುಚಳಿಯಲ್ಲಿ ಅವು ಹಸಿವಿನಿಂದ ಹೊಲಗಳ ಬಳಿಗೆ ಬಂದಾಗ ಅಲ್ಲಿಯ ಬೇಸಾಯಗಾರರು ಮೆಕ್ಕೆಜೋಳವನ್ನು ಚೆಲ್ಲಿದರು; ಹಕ್ಕಿಗಳು ತಿಂದುವು. ಅಂದಿನಿಂದ ಚಳಿಗಾಲದಲ್ಲಿ ಕಾಳು ಚೆಲ್ಲುವುದು ವಾಡಿಕೆಯಾಗಿ, ಇಂದು ಅವುಗಳ ಸಂಖ್ಯೆ ಸಾವಿರವನ್ನು ಮೀರಿದೆ. ಮರದಲ್ಲಿ ಗೂಡುಕಟ್ಟುವ ಕೊನೊತೊರಿಯು ಅಷ್ಟು ಪುಣ್ಯ ಮಾಡಿರಲಿಲ್ಲ. ಕಾಡಿನಲ್ಲಿದ್ದ ಅದರ ಕೊನೆಯ ಹಕ್ಕಿ 1971ರಲ್ಲಿ ತೀರಿಹೋಯಿತು, ಹೊರಗಿನಿಂದ ತಂದು ಸಾಕಿದ ಸಂತತಿಯನ್ನು 2005ರಲ್ಲಿ ತೊಯೊಓಕದಲ್ಲಿ ಮತ್ತೆ ಹಾರಿಬಿಡಬೇಕಾಯಿತು. ಕುಶಿರೋವಿನ ಹಿಮದಲ್ಲಿ ಬೆಳಗಿನ ಹೊತ್ತು ಸಾರಸಗಳು ಜೋಡಿಜೋಡಿಯಾಗಿ ಕತ್ತೆತ್ತಿ ಕೂಗುವುವು, ಉಸಿರು ಆವಿಯಾಗಿ ಕಾಣುವುದು. ನಿಲ್ಲುವುದು ನೆಲದ ಮೇಲೆಯೇ. ಮರವನ್ನೇರಿದ ಸಾರಸ ಅಲ್ಲಿ ಒಂದೂ ಇಲ್ಲ.